ವಿದ್ಯುತ್ ಕಾರು ನಮ್ಮ ಘಟ್ಟ ಹತ್ತೀತೇ?

ಶಹಾಪುರ ತಾಲ್ಲೂಕಿನ ದೋರನಹಳ್ಳಿ ನಮ್ಮ ತೋಟಗಳಿಂದ ಬಲು ದೂರ. ಅದು ಹತ್ತಿ, ತೊಗರಿಯ ಸೀಮೆ. ಆದರೂ ನಾಳೆ ನಾವು ಕೊಳ್ಳುವ ಕಾರಿಗೂ ಆ ಸೀಮೆಗೂ ನಂಟು ಬೆಳೆಯಬಹುದು. ವಿದ್ಯುತ್ ಕಾರಿನ ಬ್ಯಾಟರಿಗೆ ಬೇಕಾದ ಲಿಥಿಯಂ ಲೋಹಕ್ಕಾಗಿ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲೂ ಯಾದಗಿರಿ ಜಿಲ್ಲೆಯಲ್ಲೂ ಶೋಧ ನಡೆದಿರುವುದಾಗಿ 2024ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಮರ್ಲಗಲ್ಲದ ಅಂದಾಜು 1,600 ಟನ್. ಯಾದಗಿರಿಯದು ಇನ್ನೂ ಪ್ರಾಥಮಿಕ ಹಂತ.

ರೇವಾದಿಂದ ಇಲ್ಲಿಯವರೆಗೆ

ವಿದ್ಯುತ್ ಕಾರು ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ 'ರೇವಾ' 2001ರಲ್ಲೇ ರಸ್ತೆಗಿಳಿಯಿತು. ಮುಂದೆ ಲಂಡನ್ನಿನಲ್ಲೂ ಓಡಿತು. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿ.ಮೀ. ಮಾತ್ರ. ಪೇಟೆಗೆ ಸಾಕು, ಘಟ್ಟಕ್ಕೆ ಸಾಲದು. ಸೀಸದ ಬ್ಯಾಟರಿಯ ಜಾಗಕ್ಕೆ ಹಗುರವಾದ ಲಿಥಿಯಂ ಬಂದ ಮೇಲೆ ಓಟ ಹೆಚ್ಚಿತು.

ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಎರಡೂ ಇರುತ್ತವೆ. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಸೇರುತ್ತದೆ. ಸಾಮಾನ್ಯ ಹೈಬ್ರಿಡ್ಡಿಗೆ ಮನೆಯ ಕರೆಂಟು ಬೇಡ. ಇಂಥ ಕಾರುಗಳು ಬಿಡದಿಯಲ್ಲೇ ತಯಾರಾಗುತ್ತಿವೆ.

ಏರು, ಇಳಿಜಾರು

ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ. ಆದ್ದರಿಂದ ಏರು ಹತ್ತಲು ಹಿಂಜರಿಯದು. ಆದರೆ ಬ್ಯಾಟರಿ ಬೇಗ ಇಳಿಯುತ್ತದೆ. ಇಳಿಜಾರಿನಲ್ಲಿ ಅದರ ಒಂದು ಪಾಲು ವಾಪಸು ಬರುತ್ತದೆ. ಒಂದು ಮಾತು ನೆನಪಿಡಿ: ತೋಟದ ಮನೆ ಗುಡ್ಡದ ಮೇಲಿದ್ದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಹೊರಡಬೇಡಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯದು.

ಕೊಳ್ಳುವ ಮುನ್ನ

15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. 24 ಯೂನಿಟ್ಟಿನ ಸಣ್ಣ ಕಾರಿಗೆ ಒಂದು ಇಡೀ ರಾತ್ರಿ ಬೇಕು. ಅರ್ತಿಂಗ್ ಸರಿಯಿದೆಯೇ, ವೋಲ್ಟೇಜ್ ನಿಲ್ಲುತ್ತದೆಯೇ, ಮಳೆಗಾಲದಲ್ಲಿ ಎಷ್ಟು ದಿನ ಕರೆಂಟು ಹೋಗುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಪಂಪ್‌ಸೆಟ್ಟಿನ ಸಂಪರ್ಕದಿಂದ ಕಾರು ಚಾರ್ಜು ಮಾಡಬೇಡಿ.

ದಿನಕ್ಕೆ ಐವತ್ತು ಅರವತ್ತು ಕಿ.ಮೀ. ಓಡಾಟ, ಮನೆಯಲ್ಲಿ ಒಳ್ಳೆಯ ಕರೆಂಟು ಇದ್ದವರಿಗೆ ವಿದ್ಯುತ್ ಕಾರು ಲಾಭವೇ. ಮನೆಗೊಂದೇ ಗಾಡಿ, ದೂರದ ಪ್ರಯಾಣವೂ ಉಂಟು ಎನ್ನುವವರಿಗೆ ಸದ್ಯಕ್ಕೆ ಹೈಬ್ರಿಡ್ ಅನುಕೂಲ. ಕಾಫಿ ಮೂಟೆ, ಗೊಬ್ಬರ ಹೊರಲು ಜೀಪು ಇದ್ದೇ ಇರಲಿ.

ಗಣಿಯ ಮಾತು

ಹೊಗೆಯಿಲ್ಲದ ಕಾರಿಗೂ ನೆಲವನ್ನು ಅಗೆಯಲೇಬೇಕು. ಗಣಿ ಎಂದರೇನೆಂದು ನಮಗೆ ಗೊತ್ತು; ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆಯ ನೀರಿನ ಚಿಂತೆ ನಮ್ಮನ್ನು ಬಿಡಲಿಲ್ಲ. ನಾಳೆ ಯಾದಗಿರಿಯಲ್ಲಿ ಗಣಿ ತೆರೆದರೆ ಅಲ್ಲಿಯ ರೈತನ ಹೊಲ, ಬಾವಿಗಳ ಪ್ರಶ್ನೆಯೂ ಏಳುತ್ತದೆ. ಹಳೆಯ ಬ್ಯಾಟರಿಯಿಂದ ಲಿಥಿಯಂ ಮರಳಿ ತೆಗೆಯುವ ಕೆಲಸ ಬೆಳೆದಷ್ಟೂ ಅಗೆತ ಕಡಿಮೆಯಾದೀತು. ಆದ್ದರಿಂದ ಕಾರು ಕೊಳ್ಳುವಾಗ ಬೆಲೆಯೊಡನೆ ಇನ್ನೊಂದನ್ನೂ ಕೇಳಿ: ಬ್ಯಾಟರಿ ಸವೆದ ಮೇಲೆ ನೀವೇ ವಾಪಸು ಪಡೆಯುವಿರಾ?