ಹತ್ತಕ್ಕೆ ಹತ್ತು ಅಂಕ, ಆದರೂ ಮುಗಿಯದ ಕುದುರೆ ನಡೆ

ಪೂರ್ವ ದೆಹಲಿಯ ಲಕ್ಷ್ಮೀ ನಗರದಲ್ಲಿ ಮೆಟ್ರೊ ಇಳಿದರೆ ವಿಕಾಸ್ ಮಾರ್ಗದ ಇಕ್ಕೆಲದಲ್ಲೂ ಕೋಚಿಂಗ್ ಬೋರ್ಡುಗಳೇ. ಸಿ.ಎ. ಪಾಠಕ್ಕೆ ಹೆಸರಾದ ಗಲ್ಲಿಗಳಲ್ಲಿ ಪೈಥಾನ್, ಜಾವಾ ಕಲಿಸುವವರೂ ಇದ್ದಾರೆ. ಅಲ್ಲಿನವರಿರಲಿ, ನಮ್ಮ ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗರಿರಲಿ, ಪ್ರೋಗ್ರಾಮಿಂಗ್ ಕಲಿಯುವವರಿಗೆ ಎದುರಾಗುವ ಹಳೆಯ ಲೆಕ್ಕವೊಂದಿದೆ: ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಈ ಕುದುರೆ ನಡೆ ಎಂದರೆ ಹುಚ್ಚು. ಅದರ ಹಾದಿಗೆ ಸಂಖ್ಯೆ ಕೊಟ್ಟು ಮಾಯಾಚೌಕ ಹೆಣೆಯಲೂ ಕೈಹಾಕಿದ್ದರು.

ಹೊಸಬರು ಬರೆಯುವ ಪ್ರೋಗ್ರಾಮಿನ ಉಪಾಯ ಸರಳ: ಮುಂದೆ ಹೋಗು, ಸಿಕ್ಕಿಕೊಂಡರೆ ಹಿಂದೆ ಬಾ. ಅದನ್ನು ಪೈಲಿಂಟ್ ಎಂಬ ಕೋಡ್ ಪರೀಕ್ಷಕ ತಂತ್ರಾಂಶಕ್ಕೆ ಒಪ್ಪಿಸಿದರೆ ಬಳಸದ ವೇರಿಯಬಲ್, ಅತಿ ಉದ್ದದ ಸಾಲು ಎಲ್ಲವನ್ನೂ ಹೆಕ್ಕಿ ತೋರಿಸುತ್ತದೆ. ತಿದ್ದಿದ ಮೇಲೆ ಹತ್ತಕ್ಕೆ ಹತ್ತು ಅಂಕ. ಓಡಿಸಿ ನೋಡಿದರೆ ಊಟ ಮುಗಿಸಿ ಬಂದರೂ ಉತ್ತರವಿಲ್ಲ! ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲೇ ಇದಕ್ಕೊಂದು ಸೂತ್ರ ಹೇಳಿದ್ದ: ಮುಂದಿನ ದಾರಿ ಅತಿ ಕಡಿಮೆ ಇರುವ ಮನೆಗೆ ಮೊದಲು ಹೋಗು. ನಡುಮನೆಯಿಂದ ಎಂಟು ದಾರಿ, ಮೂಲೆಯಿಂದ ಎರಡೇ. ಮೂಲೆಯನ್ನು ಕೊನೆಗೆಂದು ಬಿಟ್ಟರೆ ಅದೇ ಬೋನು. ಈ ಸೂತ್ರ ಸೇರಿಸಿದರೆ ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಇಂಥ ದೂರಾಲೋಚನೆಯನ್ನು ಪೈಲಿಂಟ್ ಕಲಿಸದು.

ಹಾಗೆಂದು ಪರೀಕ್ಷಕನನ್ನು ಕಡೆಗಣಿಸುವಂತಿಲ್ಲ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ‘ಲಿಂಟ್’ ಬರೆದದ್ದೇ ಅನುಭವಿಗಳ ಕಣ್ಣಿಗೂ ಬೀಳದ ತಪ್ಪು ಹಿಡಿಯಲು. 2014ರಲ್ಲಿ ಬೆಳಕಿಗೆ ಬಂದಂತೆ, ಆ್ಯಪಲ್ ಫೋನುಗಳ ಸುರಕ್ಷಾ ಕೋಡಿನಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಿದ್ದಿತ್ತು. ಮೊದಲನೆಯದಕ್ಕೆ ‘ಇಫ್’ ಷರತ್ತಿತ್ತು, ಎರಡನೆಯದಕ್ಕೆ ಯಾವ ಷರತ್ತೂ ಇರಲಿಲ್ಲ. ಹಾಗಾಗಿ ಕೊನೆಯ ಸಹಿ ತಪಾಸಣೆ ನಡೆಯುತ್ತಲೇ ಇರಲಿಲ್ಲ. ಆದರೂ ಎಲ್ಲ ಸರಿಯಿದೆ ಎಂಬ ಉತ್ತರ ಹೋಗುತ್ತಿತ್ತು. ಎಂದೂ ತಲುಪದ ಸಾಲುಗಳಿವೆ ಎಂದು ಎಚ್ಚರಿಸುವ ಸೌಲಭ್ಯ ಕ್ಲ್ಯಾಂಗ್ ಕಂಪೈಲರಿನಲ್ಲಿತ್ತು. ಆದರೆ ಅದನ್ನು ಬೇರೆಯಾಗಿ ಆನ್ ಮಾಡಬೇಕಿತ್ತು.

ಇನ್ನು ಪೈಲಿಂಟ್ ಕಲಿಸದ ಆ ದೂರಾಲೋಚನೆಗೆಂದು ಚೆಸ್ ಆಡಿದರೆ ಕೋಡಿಂಗ್ ತಾನಾಗಿ ಬರುತ್ತದೆ ಎನ್ನುವ ಮಾತನ್ನು ನಾನಂತೂ ನಂಬಲಾರೆ. ಮನೋವಿಜ್ಞಾನ ಸಂಶೋಧಕರಾದ ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿಜವಾದ ಆಟದ ಹಲಗೆಯನ್ನು ಕ್ಷಣಮಾತ್ರ ಕಂಡು ನೆನಪಿಟ್ಟ ಚೆಸ್ ನಿಪುಣ, ಕಾಯಿಗಳನ್ನು ಮನಬಂದಂತೆ ಚೆಲ್ಲಿದಾಗ ಹೊಸಬನ ಮಟ್ಟಕ್ಕೇ ಇಳಿದ. ಆಟದ ಜಾಣ್ಮೆ ಬಹುಮಟ್ಟಿಗೆ ಆಟದ್ದೇ.

ಆದ್ದರಿಂದ ಆಡುವುದಕ್ಕಿಂತ, ಆಡಿದ ಆಟವನ್ನು ಕೋಡಿಗೆ ಇಳಿಸುವುದು ಮೇಲು. ನಮ್ಮ ಹುಲಿ-ಕುರಿ ಆಟವನ್ನೇ ತೆಗೆದುಕೊಳ್ಳಿ: ಮೂರು ಹುಲಿ, ಹದಿನೈದು ಕುರಿ, ತ್ರಿಕೋನದ ಮನೆ. ಚೆಸ್ಸಿನ ಹಾಗೆ ಸಾಲು-ಕಂಬಗಳ ಚೌಕದಲ್ಲಿ ಇದು ಸಲೀಸಾಗಿ ಕೂರುವುದಿಲ್ಲ. ಯಾವ ಮನೆಗೆ ಯಾವುದು ನೆರೆ, ಯಾವ ಕುರಿಯ ಬೆನ್ನ ಹಿಂದೆ ಹುಲಿ ಹಾರಿ ಬೀಳಲು ಜಾಗವಿದೆ ಎಂಬ ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಅದರಲ್ಲಿ ಒಂದು ನೆರೆಮನೆ ಬಿಟ್ಟುಹೋದರೂ ಪೈಲಿಂಟ್ ಹತ್ತು ಅಂಕ ಕೊಟ್ಟೇ ಕೊಡುತ್ತದೆ.