ಮದುವೆ ಮೊದಲೋ, ಗ್ರೀನ್ ಕಾರ್ಡ್ ಮೊದಲೋ

ಅಮೆರಿಕದ ಹುಡುಗನ ಜಾತಕ ಬಂದರೆ, ನಾಡಿ, ಗಣ ಎಲ್ಲ ಕೂಡಿಬಂದ ಮೇಲೂ ಹೆಣ್ಣಿನ ಕಡೆಯವರು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: ಹುಡುಗ ಎಚ್-1ಬಿಯೋ, ಗ್ರೀನ್ ಕಾರ್ಡೋ, ಸಿಟಿಜನ್ನೋ? ಅಂತಸ್ತು ಅಳೆಯಲು ಕೇಳುತ್ತಾರೆಂದು ತಿಳಿಯಬಾರದು. ಮದುವೆಯಾದ ಮಗಳು ತವರಿನಲ್ಲೇ ಎಷ್ಟು ಕಾಲ ಕಾಯುತ್ತ ಕೂರಬೇಕಾದೀತು ಎಂಬ ಆತಂಕ ಆ ಪ್ರಶ್ನೆಯನ್ನು ಕೇಳಿಸುತ್ತದೆ.

ಆತಂಕ ಸುಳ್ಳಲ್ಲ. ಎಚ್-1ಬಿ ತಾತ್ಕಾಲಿಕ ಉದ್ಯೋಗದ ವೀಸಾ. ಅದರ ಮೇಲೆ ಹೋದವನ ಹೆಂಡತಿಗೆ ಎಚ್-4 ಸಿಗುತ್ತದೆ, ಅದಕ್ಕೆ ವಾರ್ಷಿಕ ಮಿತಿಯಿಲ್ಲ. ಅಲ್ಲಿನ ಪೌರತ್ವ ಪಡೆದವನ ಹೆಂಡತಿಗೂ ಮಿತಿಯಿಲ್ಲ. ಕಡತ ಸಾಗಲು ಒಂದು ವರ್ಷವೋ ಇನ್ನೂ ಹೆಚ್ಚೋ ಹಿಡಿಯಬಹುದು, ಅಷ್ಟೆ. ಇವರಿಬ್ಬರ ನಡುವೆ ಇರುವವನು ಗ್ರೀನ್ ಕಾರ್ಡಿನವನು. ಆ ದೇಶದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು ಅವನಿಗಿದೆ, ಆದರೆ ಅವನ ಹೆಂಡತಿ ಸಾಲಿನಲ್ಲಿ ನಿಲ್ಲಬೇಕು. 2000ದ ದಶಕದಲ್ಲಿ ಆ ಸಾಲು ನಾಲ್ಕೈದು ವರ್ಷದಷ್ಟು ಉದ್ದವಿತ್ತು. ನಡುವೆ ಒಮ್ಮೆ ಗಂಡನನ್ನು ನೋಡಿ ಬರೋಣವೆಂದು ಪ್ರವಾಸಿ ವೀಸಾ ಕೇಳಿದರೆ ಅದೂ ಕಷ್ಟ. ಅಲ್ಲೇ ನೆಲೆಸುವ ಉದ್ದೇಶ ಆಕೆಯ ಹೆಸರಿನ ಅರ್ಜಿಯಲ್ಲೇ ಬರೆದಿರುತ್ತದಲ್ಲ!

ಇದಕ್ಕಿಂತ ಮನಸ್ಸಿಗೆ ನಾಟುವ ಇನ್ನೊಂದು ನಿಯಮವಿದೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವವನಿಗೆ ಕಾರ್ಡ್ ಮಂಜೂರಾಗುವ ಮೊದಲೇ ಮದುವೆಯಾಗಿದ್ದರೆ, ಅವನ ಹಕ್ಕಿನ ಜೊತೆಗೇ ಹೆಂಡತಿಯ ಹಕ್ಕೂ ಬರುತ್ತದೆ. ಮಂಜೂರಾದ ಮರುದಿನ ಮದುವೆಯಾದರೆ ಬೇರೆ ಪಿಟಿಷನ್, ಬೇರೆ ಸಾಲು. ಛತ್ರ ಸಿಗುವುದು ಆಮೇಲಾಗಲಿ, ಮೊದಲು ರಿಜಿಸ್ಟರ್ ಮದುವೆ ಮಾಡಿಬಿಡಿ ಎಂದು ಅಲ್ಲಿರುವವರು ಫೋನಿನಲ್ಲಿ ಒತ್ತಾಯ ಮಾಡುವುದು ಇದಕ್ಕೇ. ಒಂದೇ ಗಂಡ, ಒಂದೇ ಹೆಂಡತಿ. ಎರಡು ತಾರೀಕುಗಳ ಹಿಂದುಮುಂದಿನಲ್ಲಿ ವರ್ಷಗಳೇ ಹೋಗುತ್ತವೆ.

ಪೌರನ ಹೆಂಡತಿ ಬೇರೆ, ನಿವಾಸಿಯ, ಅಂದರೆ ಗ್ರೀನ್ ಕಾರ್ಡಿನವನ, ಹೆಂಡತಿ ಬೇರೆ ಎಂಬ ಈ ಗೆರೆ ಕಾನೂನಿನಲ್ಲಿ ಖಚಿತವಾಗಿ ಮೂಡಿದ್ದು 1924ರಲ್ಲಿ. ಆ ವರ್ಷದ ವಲಸೆ ಕಾಯಿದೆ ದೇಶವಾರು ಕೋಟಾ ಗೊತ್ತುಮಾಡಿತು, ಮತ್ತು ಪೌರನ ಹೆಂಡತಿ ಹಾಗೂ ಹದಿನೆಂಟು ತುಂಬದ ಮಕ್ಕಳನ್ನು ಕೋಟಾದಿಂದ ಹೊರಗಿಟ್ಟಿತು. ಪೌರಳಾದ ಹೆಂಗಸಿನ ಗಂಡನಿಗೆ ಆ ಸೌಲಭ್ಯವಿರಲಿಲ್ಲ. ನಿವಾಸಿಗಳ ಹೆಂಡಿರು ಮಕ್ಕಳಿಗಂತೂ 1928ರಲ್ಲಿ ಕೋಟಾದ ಒಳಗೇ ಒಂದಿಷ್ಟು ಆದ್ಯತೆ ದೊರೆಯಿತು, ಹೊರಗಿನ ಜಾಗ ದೊರೆಯಲಿಲ್ಲ.

ಭಾರತೀಯರಿಗೆ ಈ ಎರಡು ಬಾಗಿಲೂ ಮುಚ್ಚಿದ್ದವು. 1923ರ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪೌರತ್ವಕ್ಕೆ ಅರ್ಹರಲ್ಲದವರು ವಲಸೆ ಬರಲೇಬಾರದು ಎಂದು ಮರುವರ್ಷದ ಕಾಯಿದೆ ಹೇಳಿತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಗಂಡಸರು ಊರಿನಲ್ಲಿ ಬಿಟ್ಟುಬಂದ ಹೆಂಡತಿಯನ್ನು ಕರೆಸಿಕೊಳ್ಳುವಂತಿರಲಿಲ್ಲ. ಇಂಪೀರಿಯಲ್ ಕಣಿವೆಯಲ್ಲಿ ಅವರಲ್ಲಿ ಅನೇಕರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಹೊಸ ಸಂಸಾರ ಹೂಡಿದರು. ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು 1946ರ ಲೂಸ್-ಸೆಲ್ಲರ್ ಕಾಯಿದೆಯಿಂದ. ಅದರ ಜೊತೆ ಬಂದ ವಲಸೆ ಕೋಟಾ ವರ್ಷಕ್ಕೆ ನೂರು ಮಂದಿ.

ಇಂದಿನ ವ್ಯವಸ್ಥೆಯ ಬುನಾದಿ 1965ರದ್ದು. ಆ ವರ್ಷ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಹಾರ್ಟ್-ಸೆಲ್ಲರ್ ಕಾಯಿದೆಗೆ ಸಹಿ ಮಾಡಿದರು. ಮೂಲದೇಶ ನೋಡಿ ಮನುಷ್ಯರನ್ನು ತೂಗುವ ಪದ್ಧತಿ ಹೋಯಿತು. ರಕ್ತಸಂಬಂಧಕ್ಕೆ ಮೊದಲ ಮಣೆ ಸಿಕ್ಕಿತು. ಇದರ ಹಿಂದಿದ್ದ ಎಣಿಕೆ ಮಾತ್ರ ಅಷ್ಟು ಉದಾರವಾದದ್ದಲ್ಲ. ಸರ್ಕಾರ ಮೊದಲು ತಂದ ಕರಡಿನಲ್ಲಿ ಕೌಶಲ ಇರುವವರಿಗೆ ಅಗ್ರಸ್ಥಾನವಿತ್ತು. ಒಹಾಯೊದ ಸಂಸದ, ವಲಸೆ ಉಪಸಮಿತಿಯ ಅಧ್ಯಕ್ಷ ಮೈಕೆಲ್ ಫೀಗನ್ ಅದನ್ನು ತಿರುಗಿಸಿ ಕುಟುಂಬವನ್ನು ಮುಂದಕ್ಕೆ ತಂದರು. ಅಲ್ಲಿ ಆಗಲೇ ನೆಲೆಸಿರುವವರು ಬಹುಪಾಲು ಯುರೋಪಿನ ಮೂಲದವರು, ಅವರ ನೆಂಟರೂ ಯುರೋಪಿನವರೇ ಆಗಿರುತ್ತಾರೆ, ಹಾಗಾಗಿ ದೇಶದ ಮುಖಚರ್ಯೆ ಬದಲಾಗದು ಎಂಬುದು ಆ ಬಣದ ನಂಬಿಕೆ. ಪೌರರ ಒಡಹುಟ್ಟಿದವರಿಗೆ ಒಟ್ಟು ವೀಸಾಗಳಲ್ಲಿ ನೂರಕ್ಕೆ 24ರಷ್ಟು ಪಾಲು ಸಿಕ್ಕಿತು. ಮಿಕ್ಕ ಯಾವ ವರ್ಗಕ್ಕೂ ಅಷ್ಟು ದೊಡ್ಡ ಪಾಲು ಇರಲಿಲ್ಲ.

ಲೆಕ್ಕ ತಲೆಕೆಳಗಾಯಿತು. ಯುರೋಪು ಚೇತರಿಸಿಕೊಂಡಿತು, ಅಲ್ಲಿಂದ ಹೊರಡುವವರು ಕಡಿಮೆಯಾದರು. ಅದೇ ಕಾಯಿದೆಯ ವೃತ್ತಿಪರರ ವರ್ಗದಲ್ಲಿ ಬೆಂಗಳೂರು, ಮೈಸೂರು, ಮಣಿಪಾಲದ ವೈದ್ಯರೂ ಎಂಜಿನಿಯರುಗಳೂ ಹೋದರು, ಐದು ವರ್ಷ ಕಳೆದ ಮೇಲೆ ಪೌರರಾದರು, ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಪಿಟಿಷನ್ ಹಾಕಿದರು. ಬೇಲಿಯಾಗಲೆಂದು ಬರೆದ ನಿಯಮ ಏಷ್ಯಾದವರ ಪಾಲಿಗೆ ಬಾಗಿಲಾಯಿತು.

1924ರ ಗೆರೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪೌರರ ಗಂಡ, ಹೆಂಡತಿ, ಮದುವೆಯಾಗದ ಎಳೆಯ ಮಕ್ಕಳು, ತಂದೆತಾಯಿ ಇವರಿಗೆ ಸಂಖ್ಯೆಯ ಮಿತಿಯಿಲ್ಲ ಎಂದು 1965ರ ಕಾಯಿದೆ ಹೇಳಿತು. ನಿವಾಸಿಯ ಹೆಂಡತಿ ಮಕ್ಕಳು ಎರಡನೇ ಆದ್ಯತೆಯ ಪಟ್ಟಿಗೆ ಬಿದ್ದರು. ನಿವಾಸಿ ತನ್ನ ತಂದೆತಾಯಿಯನ್ನಾಗಲಿ ಒಡಹುಟ್ಟಿದವರನ್ನಾಗಲಿ ಮದುವೆಯಾದ ಮಕ್ಕಳನ್ನಾಗಲಿ ಕರೆಸಿಕೊಳ್ಳುವಂತಿಲ್ಲ ಎಂಬ ನಿಯಮ ಇಂದಿಗೂ ಇದೆ.

ಎರಡನೇ ಆದ್ಯತೆಯ ಸಾಲು ಬೆಳೆದು ನಿಂತದ್ದು 1986ರ ನಂತರ. ದಾಖಲೆಯಿಲ್ಲದೆ ವಾಸವಿದ್ದ ಸುಮಾರು 27 ಲಕ್ಷ ಜನರನ್ನು ಆ ವರ್ಷದ ಕಾಯಿದೆ ಸಕ್ರಮಗೊಳಿಸಿತು. ಅವರೆಲ್ಲ ಕಾಯಂ ನಿವಾಸಿಗಳಾದರು, ಹೆಂಡಿರು ಮಕ್ಕಳಿಗೆ ಪಿಟಿಷನ್ ಹಾಕಿದರು. ಅಷ್ಟು ಜನರ ಸಂಸಾರ ಹಿಡಿಸುವಷ್ಟು ವೀಸಾ ಇರಲಿಲ್ಲ.

1990ರ ಕಾಯಿದೆ ಇದಕ್ಕೆ ಪರಿಹಾರವೆಂದು ಬಂತು. ಕುಟುಂಬ ವಲಸೆಗೆ ವರ್ಷಕ್ಕೆ 4,80,000 ಎಂಬ ಅಂಕಿ ಇಟ್ಟು, ಅದರಿಂದ ಪೌರರ ನಿಕಟ ಬಂಧುಗಳ ಸಂಖ್ಯೆಯನ್ನು ಕಳೆದು ಉಳಿದದ್ದನ್ನು ಸಾಲಿನಲ್ಲಿ ಇರುವವರಿಗೆ ಹಂಚಬೇಕು. ಎಷ್ಟೇ ಕಳೆದರೂ ಹಂಚುವುದು 2,26,000ಕ್ಕಿಂತ ಕಡಿಮೆಯಾಗಬಾರದು. ಪೌರರ ಬಂಧುಗಳು ವರ್ಷವರ್ಷಕ್ಕೂ ಹೆಚ್ಚಿದರು. ಹಾಗಾಗಿ ಕನಿಷ್ಠವೆಂದು ಬರೆದ ಅಂಕಿಯೇ ಗರಿಷ್ಠವಾಗಿ ಕೂತಿತು. ನಿವಾಸಿಯ ಹೆಂಡತಿ ತನ್ನ ಮುಂದಿದ್ದವರ ಹಿಂದೆ ನಿಂತದ್ದಷ್ಟೇ ಅಲ್ಲ, ಪೌರನ ಹೆಂಡತಿ ಪಡೆದ ವೀಸಾ ಕೂಡ ಅವಳ ಪಾಲಿನ ಮೊತ್ತದಿಂದಲೇ ಕಳೆದುಹೋಯಿತು. ಅವಳಿಗೂ ಎಳೆಯ ಮಕ್ಕಳಿಗೂ ಮೀಸಲಾದದ್ದು ವರ್ಷಕ್ಕೆ ಸುಮಾರು 88,000. ಅದರ ಮುಕ್ಕಾಲು ಭಾಗಕ್ಕೆ ಒಂದು ದೇಶಕ್ಕೆ ನೂರಕ್ಕೆ ಏಳು ಎಂಬ ಮಿತಿ ಅನ್ವಯಿಸುವುದಿಲ್ಲ, ಭಾರತದ ಹೆಂಡತಿಯರಿಗೆ ಒದಗಿದ ಸಮಾಧಾನ ಅದೊಂದೇ.

ಒಡಹುಟ್ಟಿದವರಿಗೆ ಆ ಸಮಾಧಾನವೂ ಇಲ್ಲ. ಅವರ ಪಾಲು ಇಡೀ ಜಗತ್ತಿಗೆ ವರ್ಷಕ್ಕೆ 65,000. ಕುಟುಂಬ ವೀಸಾಕ್ಕೆ ಕಾಯುತ್ತಿರುವ 35 ಲಕ್ಷಕ್ಕೂ ಮಿಕ್ಕ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ವರ್ಗದವರು. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಪ್ರಯಾರಿಟಿ ಡೇಟ್, ಅಂದರೆ ಪಿಟಿಷನ್ ಹಾಕಿದ ದಿನ ನೋಡಿಕೊಂಡು ಸರದಿ ತಿಳಿಯಬೇಕು. 2024ರ ಕೊನೆಯಲ್ಲಿ ಭಾರತದ ಸಾಲಿನಲ್ಲಿ 2006ರಲ್ಲಿ ಹಾಕಿದವರ ಸರದಿ ನಡೆದಿತ್ತು. ಅಣ್ಣ ಪಿಟಿಷನ್ ಹಾಕಿದಾಗ ಮೂರು ವರ್ಷದ ಮಗುವಿದ್ದ ತಂಗಿಗೆ ಮುಂಬೈ ದೂತಾವಾಸದಿಂದ ಸಂದರ್ಶನದ ಕರೆ ಬರುವ ಹೊತ್ತಿಗೆ ಮಗುವಿಗೆ 21 ದಾಟಿರುತ್ತದೆ; 21 ದಾಟಿದವರನ್ನು ಆ ಕಾನೂನು ಮಗುವೆಂದು ಎಣಿಸುವುದಿಲ್ಲ. 2002ರ ಕಾಯಿದೆಯೊಂದು ಪಿಟಿಷನ್ ಪರಿಶೀಲನೆಯಲ್ಲಿದ್ದ ಅವಧಿಯನ್ನು ಮಕ್ಕಳ ವಯಸ್ಸಿನಿಂದ ಕಳೆಯಲು ಬಿಡುತ್ತದೆ. ಅನಂತರ ಸಾಲಿನಲ್ಲಿ ಕಳೆದ ವರ್ಷಗಳನ್ನು ಕಳೆಯಲು ಬಿಡುವುದಿಲ್ಲ. ಆ ಕಳೆತ ಸಾಲದೆ ಹೋದರೆ ಬಂದ ವೀಸಾ ಅಪ್ಪ ಅಮ್ಮನಿಗೆ ಮಾತ್ರ.

ಟೆಕ್ಸಾಸಿನ ಬಾರ್ಬರಾ ಜೋರ್ಡನ್ ಅಧ್ಯಕ್ಷತೆಯ ವಲಸೆ ಸುಧಾರಣಾ ಆಯೋಗ 1995ರಲ್ಲಿ ನೇರವಾಗಿ ಹೇಳಿತು: ಒಡಹುಟ್ಟಿದವರ ಮತ್ತು ವಯಸ್ಕ ಮಕ್ಕಳ ವರ್ಗಗಳನ್ನು ತೆಗೆಯಿರಿ, ಆ ವೀಸಾಗಳನ್ನು ನಿವಾಸಿಗಳ ಹೆಂಡತಿ ಮಕ್ಕಳಿಗೆ ಕೊಡಿ. ಅಣ್ಣತಮ್ಮಂದಿರನ್ನು ಸಂಸಾರದ ಹೊರಗೆ ಎಣಿಸುವುದು ನಮ್ಮ ಮನಸ್ಸಿಗೆ ಒಗ್ಗದು. ಆದರೂ ಗಂಡನಿಂದ ಹೆಂಡತಿಯನ್ನು, ಅಪ್ಪನಿಂದ ಹಸುಗೂಸನ್ನು ವರ್ಷಗಟ್ಟಲೆ ಅಗಲಿಸುವುದು ಅದಕ್ಕಿಂತ ಘೋರ ಎಂದು ನನಗನ್ನಿಸುತ್ತದೆ. ಶಿಫಾರಸು ಕಾಯಿದೆಯಾಗಲಿಲ್ಲ. 2000ದ ಕೊನೆಯಲ್ಲಿ ವಿ ವೀಸಾ ಎಂಬುದು ಬಂತು: ಮೂರು ವರ್ಷ ಕಾದ ಹೆಂಡತಿ ಅಮೆರಿಕಕ್ಕೇ ಬಂದು ಉಳಿದ ಕಾಲ ಕಾಯಬಹುದು. ಒಳ್ಳೆಯ ಯೋಚನೆ. ಆದರೆ ಅದು ಆ ವರ್ಷದ ಡಿಸೆಂಬರ್ 21ರೊಳಗೆ ಪಿಟಿಷನ್ ಹಾಕಿದವರಿಗೆ ಮಾತ್ರ ಎಂದು ಕಾಯಿದೆಯಲ್ಲೇ ಬರೆದಿತ್ತು.

ನಿವಾಸಿಗೆ ಉಳಿದಿರುವ ದಾರಿ ಐದು ವರ್ಷ ಮುಗಿಸಿ ಪೌರನಾಗುವುದು. ಪ್ರಮಾಣವಚನ ಸ್ವೀಕರಿಸಿದ ದಿನವೇ ಹೆಂಡತಿಯ ಹಳೆಯ ಪಿಟಿಷನ್ ಮಿತಿಯಿಲ್ಲದ ವರ್ಗಕ್ಕೆ ದಾಟುತ್ತದೆ. ಇದರಲ್ಲೊಂದು ತೊಡಕಿದೆ, ತಿಳಿಯದವರು ಪೆಟ್ಟು ತಿನ್ನುತ್ತಾರೆ: ಎರಡನೇ ಆದ್ಯತೆಯಲ್ಲಿ ತಾಯಿಯ ಪಿಟಿಷನ್ನಿನ ಜೊತೆಗೇ ಮಕ್ಕಳೂ ಬರುತ್ತಾರೆ, ಪೌರನ ವರ್ಗದಲ್ಲಿ ಪ್ರತಿ ಮಗುವಿಗೂ ಬೇರೆ ಪಿಟಿಷನ್ ಬೇಕು. ಭಾರತೀಯನಿಗೆ ಇನ್ನೊಂದು ಬೆಲೆಯೂ ಇದೆ. ನಮ್ಮ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ, ಅಲ್ಲಿ ಪೌರನಾದವನು ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಊರಿನ ಮತವನ್ನು ಬಿಡಲೊಲ್ಲದವನಿಗೆ ಹೆಂಡತಿಯ ಕಾಯುವಿಕೆಯೇ ದಂಡ. ಯಾವ ದೇಶದ ಪ್ರಜೆಯಾಗಬೇಕು ಎಂಬುದನ್ನು ಮನುಷ್ಯ ಸಾವಧಾನವಾಗಿ ನಿರ್ಧರಿಸಬೇಕು. ಸಂಸಾರ ಕೂಡಲೆಂಬ ಅವಸರಕ್ಕೆ ಸಹಿ ಹಾಕುವಂತಾಗುವುದು ತಪ್ಪು.

2013ರ ಜೂನ್‌ನಲ್ಲಿ ಅಮೆರಿಕದ ಸೆನೆಟ್ 68-32 ಮತಗಳಿಂದ ಒಂದು ಮಸೂದೆ ಒಪ್ಪಿತು. ನಿವಾಸಿಯ ಹೆಂಡತಿ, ಗಂಡ, ಎಳೆಯ ಮಕ್ಕಳನ್ನು ಪೌರನ ಬಂಧುಗಳಂತೆಯೇ ಮಿತಿಯಿಂದ ಹೊರಗಿಡಬೇಕೆಂದು ಅದರಲ್ಲಿತ್ತು. ಬದಲಿಗೆ ಒಡಹುಟ್ಟಿದವರ ವರ್ಗ ಹೋಗುತ್ತಿತ್ತು. ಪ್ರತಿನಿಧಿ ಸಭೆ ಅದನ್ನು ಮತಕ್ಕೆ ಹಾಕಲೇ ಇಲ್ಲ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಬುಲೆಟಿನ್‌ನಲ್ಲಿ ನಿವಾಸಿಗಳ ಹೆಂಡತಿ ಮಕ್ಕಳ ವರ್ಗ ಕರೆಂಟ್ ಆಗಿತ್ತು, ಅಂದರೆ ಸಾಲೇ ಇರಲಿಲ್ಲ. ಸಂಸಾರಗಳು ಸಾಲಿಲ್ಲದೆ ಕೂಡಬಹುದು ಎಂಬುದಕ್ಕೆ ಆ ವರ್ಷಗಳೇ ಸಾಕ್ಷಿ. ಏಪ್ರಿಲ್‌ನಲ್ಲಿ ತಾರೀಕು 2020ರ ಸೆಪ್ಟೆಂಬರ್‌ಗೆ ಹಿಂದೆ ಸರಿಯಿತು. ಸಾಲು ಮತ್ತೆ ಶುರುವಾಯಿತು, 1990ರ ಅದೇ ಅಂಕಿಗಳ ಮೇಲೆ.