ಓಆರ್‌ಎಸ್ ಪೊಟ್ಟಣದೊಳಗಿನ ಸಿಟ್ರೇಟ್

ಮಗುವಿಗೆ ಭೇದಿ ಎಂದು ಓಆರ್‌ಎಸ್ ಬರೆದುಕೊಟ್ಟರೆ, ಪೊಟ್ಟಣದ ಮೇಲಿನ ಅಕ್ಷರ ಓದಿದ ತಂದೆ-ತಾಯಿ ಕೇಳುವುದುಂಟು: ‘ಸೋಡಿಯಂ ಸಿಟ್ರೇಟ್ ಅಂದರೆ ಕೆಮಿಕಲ್ ಅಲ್ಲವೇ ಡಾಕ್ಟರೇ? ಲಿಂಬೆ ಹಿಂಡಿದರೆ ಸಾಲದೇ?’

ಸಿಟ್ರೇಟ್ ಎಂಬುದು ಸಿಟ್ರಿಕ್ ಆಮ್ಲದ ಲವಣ. ಈ ಆಮ್ಲ ಲಿಂಬೆಯಲ್ಲಿ ಧಾರಾಳವಾಗಿದೆ, ನಿಜ. ಆದರೆ ಕಾರ್ಖಾನೆಗಳು ಲಿಂಬೆಯನ್ನು ನೆಚ್ಚಿಕೊಂಡಿಲ್ಲ. ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಸಕ್ಕರೆಯಿಂದ ಈ ಆಮ್ಲವನ್ನು ಹೇರಳವಾಗಿ ತಯಾರಿಸುತ್ತದೆಂದು ಅಮೆರಿಕದ ಜೇಮ್ಸ್ ಕರಿ 1917ರಲ್ಲಿ ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ಕಾಕಂಬಿಯಂಥ ಸಿಹಿ ದ್ರವಗಳಲ್ಲಿ ಬೂಷ್ಟು ಬೆಳೆಸಿಯೇ ಇದನ್ನು ಪಡೆಯುತ್ತಾರೆ.

ಹಾಗೆಂದು ಆ ಕಂದು ರಸವನ್ನು ಮಗುವಿಗೆ ಕುಡಿಸಲಾದೀತೇ? ಜಾಣ್ಮೆಯೆಲ್ಲ ಅದನ್ನು ಶುದ್ಧಿ ಮಾಡುವುದರಲ್ಲಿದೆ. ಮೊದಲು ಬೂಷ್ಟನ್ನು ಸೋಸಿ ತೆಗೆದು, ರಸಕ್ಕೆ ಸುಣ್ಣದ ನೀರು ಬೆರೆಸುತ್ತಾರೆ. (ನಮ್ಮ ಕಡೆ ಚಿಪ್ಪಿ ಸುಟ್ಟು ಮಾಡುತ್ತಿದ್ದುದೂ ಸುಣ್ಣವೇ.) ಆಮ್ಲವು ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ತಳಕ್ಕಿಳಿಯುತ್ತದೆ, ಉಳಿದ ಸಕ್ಕರೆ, ಬಣ್ಣ ಬಹುಪಾಲು ಮೇಲಿನ ನೀರಿನಲ್ಲೇ ನಿಲ್ಲುತ್ತವೆ. ಆ ಗಸಿಯನ್ನು ತೊಳೆದು ಗಂಧಕಾಮ್ಲ ಹಾಕಿದರೆ ಸುಣ್ಣದ ಅಂಶ ಜಿಪ್ಸಂ ಆಗಿ ಬೇರ್ಪಟ್ಟು, ಸಿಟ್ರಿಕ್ ಆಮ್ಲ ಮತ್ತೆ ನೀರಿಗೆ ಬರುತ್ತದೆ. ಇದ್ದಿಲಿನ ಪುಡಿಯಿಂದ ಬಣ್ಣ ತೆಗೆದು, ನೀರು ಇಂಗಿಸಿದರೆ ಬಿಳಿ ಹರಳು. ಅದನ್ನು ಸೋಡಿಯಂ ಕ್ಷಾರದೊಡನೆ ಕೂಡಿಸಿ ಮತ್ತೊಮ್ಮೆ ಹರಳುಗಟ್ಟಿಸಿದ್ದೇ ಪೊಟ್ಟಣದ ಸಿಟ್ರೇಟ್. ಅಂಕೋಲೆಯಿಂದ ಗಂಗಾವಳಿ ದಾಟಿದರೆ ಸಿಗುವ ಸಾಣಿಕಟ್ಟಾದಲ್ಲಿ ಉಪ್ಪು ಹರಳುಗಟ್ಟುವಾಗ ಸಮುದ್ರದ ಕಹಿ ಲವಣಗಳು ನೀರಿನಲ್ಲೇ ಹಿಂದುಳಿಯುತ್ತವಲ್ಲ, ಇಲ್ಲಿಯೂ ಅದೇ ತತ್ವ.

ಮೊದಲು ಪೊಟ್ಟಣದಲ್ಲಿ ಸಿಟ್ರೇಟಿನ ಜಾಗದಲ್ಲಿ ಅಡಿಗೆ ಸೋಡಾ ಇತ್ತು. ತೇವದ ಹವೆಯಲ್ಲಿ ಪುಡಿ ಕಂದಾಗಿ ಗಂಟು ಕಟ್ಟುತ್ತಿತ್ತು. ಕಾರವಾರದ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರ ದಶಕದಲ್ಲಿ ಸಿಟ್ರೇಟ್ ಬಂದ ಮೇಲೆ ಪುಡಿಗೆ ಬಾಳಿಕೆ ಬಂತು. ದೇಹದೊಳಗೆ ಇದು ಬೈಕಾರ್ಬೋನೇಟ್ ಆಗಿ ಮಾರ್ಪಟ್ಟು, ಭೇದಿಯಲ್ಲಿ ಕಳೆದುಹೋದ ಕ್ಷಾರವನ್ನು ತುಂಬಿಕೊಡುತ್ತದೆ. ಲಿಂಬೆರಸದ ಹುಳಿ ಈ ಕೆಲಸ ಮಾಡದು.

ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರಿಗೆ ಸಿಟ್ರೇಟ್ 2.9 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಗ್ಲೂಕೋಸ್ 13.5. ಅಂಗಡಿಯ ಸಿಹಿ ಪಾನೀಯಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ, ಭೇದಿ ಹೆಚ್ಚಲೂಬಹುದು. ಅವುಗಳ ಹೆಸರಿನಲ್ಲಿ ‘ಓಆರ್‌ಎಸ್’ ಪದ ಇರಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

20.5 ಗ್ರಾಮಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಅಂದಾಜಿನಲ್ಲಿ ಅರ್ಧ, ಕಾಲು ಮಾಡಬೇಡಿ. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಮಿಕ್ಕದ್ದು ಚೆಲ್ಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಮಗುವಿನ ಕಣ್ಣು ಗುಳಿಬಿದ್ದರೆ, ಮಂಕಾಗಿ ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.